ಸುಣ್ಣ ಬಳಿದ ಗೋಡೆ

ಸಾಫಿ ಊರಿನ ಕುಂಬಾರರ ಗುಡ್ಡದಲ್ಲಿ ತಟ್ಟೆಗಳ ಮೇಲೆ ಚಿತ್ರ ಬರೆಯುವವರು ಎಷ್ಟೋ ಜನ. ಅವರಲ್ಲಿ ಜೀಲಾಲಿಯ ತಟ್ಟೆಯನ್ನು ಮಾತ್ರ ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಅವನದೊಂದು ವಿಚಿತ್ರ ಅಭ್ಯಾಸ. ಕುಂಚ ಹಿಡಿಯುವ ಮೊದಲು ಮನೆಯ ಒಳಗೋಡೆಯ ಮೇಲೆ ಇದ್ದಿಲಿನಿಂದ ವಾರಗಟ್ಟಲೆ ಗೀಚುತ್ತಿದ್ದ. ಗೀಚಿದ್ದರ ಮೇಲೇ ಮತ್ತೆ ಗೀಚುತ್ತಿದ್ದ. ಕೊನೆಗೆ ತಟ್ಟೆಗೆ ಇಳಿಯುತ್ತಿದ್ದದ್ದು ಅದರಲ್ಲಿ ಒಂದೋ ಎರಡೋ ಗೆರೆ.

ಗಂಡ ತೀರಿಕೊಂಡ ಮೇಲೆ ಮಗಳು ಹನಿಯಾಳೊಂದಿಗೆ ತಮ್ಮನ ಮನೆ ಸೇರಿದ್ದ ಅಕ್ಕ ರುಕಿಯಾಗೆ ಆ ಗೋಡೆ ಕಂಡರಾಗದು.

"ಎಲ್ಲರೂ ದಿನಕ್ಕೆ ಹತ್ತು ತಟ್ಟೆ ಬರೀತಾರೆ. ನೀನು ಗೋಡೆಗೆ ಮಸಿ ಬಳೀತಾ ಕೂತಿರ್ತೀಯ. ಇದೂ ಒಂದು ಕೆಲಸಾನಾ?"

"ತಟ್ಟೆ ಹೇಗಿದೆ ಹೇಳಕ್ಕಾ. ಬೈಯೋದಾದ್ರೆ ಅದನ್ನ ಬೈ. ಗೋಡೆ ತಂಟೆಗೆ ಮಾತ್ರ ಬರಬೇಡ," ಎಂದು ಅವನು ನಗುತ್ತಿದ್ದ.

ಹನಿಯಾಳನ್ನು ನೋಡಲು ಗಂಡಿನ ಕಡೆಯವರು ಬರುವುದು ಗೊತ್ತಾಯಿತು. ಶುಕ್ರವಾರ ತಮ್ಮ ನಮಾಜಿಗೆ ಹೋದ ಹೊತ್ತಿನಲ್ಲಿ ರುಕಿಯಾ ಸುಣ್ಣ ಕಲಸಿ ಗೋಡೆ ಪೂರ್ತಿ ಬಳಿದುಬಿಟ್ಟಳು, ಅದೂ ಎರಡೆರಡು ಸಲ. ಆಮೇಲೆ ಕುಸ್‌ಕುಸ್ ಬೇಯಿಸಿಟ್ಟು ಕಾದಳು.

ಜೀಲಾಲಿ ಬಂದವನು ಬಾಗಿಲಲ್ಲೇ ನಿಂತ. "ಚೆನ್ನಾಗಿ ಬೆಳ್ಳಗಾಗಿದೆ," ಎಂದಷ್ಟೇ ಹೇಳಿ ಊಟಕ್ಕೆ ಕೂತ. ಕೂಗಾಡಿದ್ದರೇ ಚೆನ್ನಾಗಿತ್ತು ಎಂದು ರುಕಿಯಾಗೆ ಅನ್ನಿಸಿದ್ದು ಎಷ್ಟೋ ಕಾಲದ ಮೇಲೆ.

ಮದುವೆ ಮುಗಿಯಿತು. ಜೀಲಾಲಿ, ತಟ್ಟೆ ಅಂಗಡಿಯ ಯಜಮಾನ ಕೊಟ್ಟ ಮಾದರಿ ನೋಡಿಕೊಂಡು ದಿನಕ್ಕೆ ಹತ್ತು ತಟ್ಟೆ ಬರೆಯತೊಡಗಿದ. "ನಮ್ಮ ಹುಡುಗ ದಾರಿಗೆ ಬಂದ," ಎಂದು ಅಕ್ಕ ನೆರೆಯವರ ಮುಂದೆ ಬೀಗಿದಳು.

ಮೂರು ವರ್ಷದ ನಂತರ ಬಸುರಿ ಹನಿಯಾ, ಮಗುವಿನ ಹೆಸರಿಡುವ ಔತಣಕ್ಕೆ ಸೋದರಮಾವನ ತಟ್ಟೆಯೇ ಬೇಕೆಂದು ಹಟ ಹಿಡಿದು ತಾಯಿಯನ್ನು ಯಜಮಾನನ ಅಂಗಡಿಗೆ ಕರೆದೊಯ್ದಳು. ಸಾಲಾಗಿ ಜೋಡಿಸಿದ್ದ ತಟ್ಟೆಗಳಲ್ಲಿ ಅವನದು ಯಾವುದೆಂದು ಮಗಳಿಗೂ ತಿಳಿಯಲಿಲ್ಲ, ತಾಯಿಗೂ ತಿಳಿಯಲಿಲ್ಲ. ಒಂದೊಂದನ್ನೇ ಮಗುಚಿ, ಹಿಂಬದಿಯಲ್ಲಿ ಬರೆದಿದ್ದ ಹೆಸರು ಓದಬೇಕಾಯಿತು.

ಸಂಜೆ ರುಕಿಯಾ ಇದ್ದಿಲು ತಂದು ತಮ್ಮನ ಮುಂದಿಟ್ಟಳು. "ತಪ್ಪಾಯ್ತು ಕಣೋ. ಗೋಡೆ ನಿಂದೇ. ಎಷ್ಟು ಬೇಕಾದ್ರೂ ಗೀಚು."

ಜೀಲಾಲಿ ಎದ್ದು ಗೋಡೆಯ ಮೇಲೆ ಒಂದು ಗೆರೆ ಎಳೆದ. ಇನ್ನೊಂದು ಎಳೆಯಹೋಗಿ ಕೈ ಇಳಿಸಿದ.

"ನಾನು ಆಚೆ ಹೋಗ್ಲಾ?" ಎಂದಳು ರುಕಿಯಾ.

"ನೀನು ಹೋದ್ರೂ ಅದು ಹೋಗಲ್ಲಕ್ಕಾ. ಯಾರೋ ನೋಡ್ತಿದಾರೆ, ಇದೂ ಒಂದು ಕೆಲಸಾನಾ ಅಂತಿದಾರೆ. ತಲೇಲಿ ಕೂತುಬಿಟ್ಟಿದೆ." ಅಕ್ಕನ ಮುಖ ನೋಡಿ ಅವನೇ ಮಾತು ತಿರುಗಿಸಿದ. "ಹೋಗಲಿ ಬಿಡು. ಟೀ ಮಾಡು, ಪುದೀನ ಜಾಸ್ತಿ ಇರಲಿ."

ರುಕಿಯಾ ಒಳಗೆ ಹೋಗಿ ನೀರಿಟ್ಟಳು. ನೀರು ಕುದಿದು ಕುದಿದು ಅರ್ಧಕ್ಕಿಳಿದರೂ ಅವಳು ಹೊರಗೆ ಬರಲಿಲ್ಲ.