ಹೊಟ್ಟೆಗೆ ಹೋಗದ ಏಳು ಗುಟುಕು

೨೦೦೩ರ ಆಗಸ್ಟ್ ೧೪, ಗುರುವಾರ. ಬೆಳಗಿನ ಐದೂವರೆಗೆ ಕೂಕಟ್‌ಪಲ್ಲಿಯಾಚೆಯ ಔಷಧ ಪ್ರಯೋಗಾಲಯದಲ್ಲಿ ಹದಿನಾರು ಇಲಿಗಳು ಹಸಿದು ಕುಳಿತಿವೆ. ಬಸಲಿಂಗಮ್ಮ ಮೊದಲನೆಯದನ್ನು ಎಡಗೈಯಲ್ಲಿ ಹಿಡಿದು ಬಾಯಿಗೆ ಮೊಂಡುತುದಿಯ ನಳಿಗೆ ಇಳಿಸುತ್ತಾರೆ. "ಸುಮ್ಕಿರ್ಲೇ, ಸೂಜಿ ಚುಚ್ಚಾಕತ್ತಿಲ್ಲ."

ಸುರಪುರದ ಕಡೆಯವರು. ಎರಡು ವರ್ಷ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳಿಗೆ ಇಟ್ಟಿಗೆ ಹೊತ್ತರು. ಇಲ್ಲಿಗೆ ಬಂದು ನಾಲ್ಕು ವರ್ಷ. ದಿನಕ್ಕೆ ಸರಾಸರಿ ನಲವತ್ತು ಇಲಿಗಳಿಗೆ ಔಷಧ ಕುಡಿಸುತ್ತಾರೆ.

ನಳಿಗೆಯಲ್ಲಿರುವುದು ಇನ್ಸುಲಿನ್ ತುಂಬಿದ ಸೂಕ್ಷ್ಮ ಮಣಿಗಳು. ಇನ್ಸುಲಿನ್ ಪ್ರೋಟೀನು, ಬರಿದೇ ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ಪಾಲಿಮರಿನ ಮಣಿ ಅದನ್ನು ಕಾದು, ಕರುಳಿಗೆ ಅಂಟಿಕೊಂಡು, ನಿಧಾನವಾಗಿ ಕರಗಬೇಕು. ಗೆದ್ದರೆ ಸಕ್ಕರೆ ಕಾಯಿಲೆಯವರಿಗೆ ಚುಚ್ಚುಮದ್ದು ತಪ್ಪೀತು. ಕಳೆದ ವಾರ ಅದು ಸೋತಿತು. ಹದಿನಾರು ಇಲಿಗಳ ರಕ್ತದ ಸಕ್ಕರೆ ಸರಾಸರಿ ಶೇಕಡ ಇಪ್ಪತ್ತಾದರೂ ಇಳಿಯಬೇಕಿತ್ತು. ಕಂಪ್ಯೂಟರು ಸರಾಸರಿ ಹದಿನೆಂಟು ತೋರಿಸಿತು. ಸಂಶೋಧನೆ ನಿಲ್ಲಿಸಲು ಆದೇಶವಾಯಿತು.

ಬಸಲಿಂಗಮ್ಮ ಒಪ್ಪಲಿಲ್ಲ. ಏಳು ಸಲ ಮಣಿಗಳು ನಳಿಗೆಗೇ ಅಂಟಿ ಉಳಿದದ್ದನ್ನು ಅವರು ಕಂಡಿದ್ದರು. ಹೊಸ ತಂತ್ರಾಂಶ ಕೇಳುವುದು ಒಂದೇ: ಔಷಧ ಕೊಟ್ಟಿರೋ, ಇಲ್ಲವೋ?

"ಕೊಟ್ಟೀನ್ರಿ, ಹೊಟ್ಟಿಗಿ ಹೋಗಿಲ್ಲ. ಅದನ್ನ ಬರಿಯಾಕ ಕಂಪ್ಯೂಟರ್‌ನಾಗ ಖಾನಾನೇ ಇಲ್ಲಂತ. ಲಕ್ಷ ರೂಪಾಯಿ ಪೆಟ್ಟಿಗಿ, ಒಂದು ಗೀಟು ಹೊಡಿಯಾಕ ಜಾಗಿಲ್ಲ!"

ಆ ಏಳು ನಳಿಗೆಗಳನ್ನು ತೊಳೆಯದೆ, ಇಲಿಯ ಸಂಖ್ಯೆ ಬರೆದು, ಫ್ರಿಜ್ಜಿನಲ್ಲಿಟ್ಟರು. ತೊಳೆಯದ ತಪ್ಪಿಗೆ ವಿಜ್ಞಾನಿ ಪ್ರಾಣೇಶ ಮೆಮೊ ಕೊಟ್ಟರು. ನಳಿಗೆ ಪರೀಕ್ಷಿಸಿರೆಂದು ಮೂರು ದಿನ ಅವರ ಬೆನ್ನು ಬಿಡಲಿಲ್ಲ ಈಕೆ.

"ಇಲಿಗಿಂತ ನೀವ ಭಾಳ ಕಚ್ತೀರಿ, ಬಸಲಿಂಗಮ್ಮನವರ."

"ಕಚ್ಚಿದ್ರಾದ್ರೂ ಎಚ್ಚರ ಆಗ್ರಿ, ಸಾಹೇಬರ."

ಕೊನೆಗೆ ನಳಿಗೆ ತೊಳೆದ ನೀರಿನ ಪರೀಕ್ಷೆಯಾಯಿತು. ಔಷಧ ಅಲ್ಲೇ ಇತ್ತು. ಆ ಏಳು ಇಲಿಗಳಲ್ಲಿ ಇಳಿಕೆ ಸೊನ್ನೆ. ಉಳಿದ ಒಂಬತ್ತರ ಸರಾಸರಿ ಮೂವತ್ತೆರಡು. ಮೂವತ್ತೆರಡನ್ನು ಒಂಬತ್ತರಿಂದ ಗುಣಿಸಿದರೆ ಇನ್ನೂರ ಎಂಬತ್ತೆಂಟು. ಹದಿನಾರರಿಂದ ಭಾಗಿಸಿದರೆ ಹದಿನೆಂಟು. ಯಂತ್ರದ ಭಾಗಾಕಾರ ಸರಿ, ಭಾಜಕ ತಪ್ಪು.

ಇಂದಿನದು ಮರುಪರೀಕ್ಷೆ. ಪ್ರತಿ ಸಲವೂ ಔಷಧದ ಹಿಂದೆಯೇ ತುಸು ನೀರು ಹಾಯಿಸಿ, ನಳಿಗೆ ಬರಿದಾದದ್ದನ್ನು ಬೆಳಕಿಗೆ ಹಿಡಿದು ನೋಡುವ ಪದ್ಧತಿ ಬಸಲಿಂಗಮ್ಮನವರದೇ. ವರದಿಯಲ್ಲಿ ಅದು "ಸುಧಾರಿತ ವಿಧಾನ", ಹೆಸರಿಲ್ಲ. ಅದನ್ನು ಅವರು ಕೇಳುತ್ತಲೂ ಇಲ್ಲ.

"ಸಾಹೇಬರು ಬಾಯಿಲೆ ಮಾಫಿ ಕೇಳ್ಯಾರ್ರಿ. ಮೆಮೊ ಕೊಟ್ಟದ್ದು ಕಾಗದದ ಮ್ಯಾಲೆ. ಮಾಫಿನೂ ಕಾಗದದ ಮ್ಯಾಲೆ ಬರ್ಲಿ. ಅಲ್ಲೀತನಕ ಹಿಸಾಬ್ ಮುಗದಿಲ್ಲ."

ಆ ಕಾಗದ ಈವರೆಗೆ ಬಂದಿಲ್ಲ.