ಕುಂಕುಮ ಇಟ್ಟ ನಟ್ಟು

ನಮ್ಮಣ್ಣನ ಗ್ಯಾರೇಜಿಗೆ ನಾನು ಇವತ್ತಿಗೂ ಕಾಲಿಡುವುದಿಲ್ಲ. ಹೊಟ್ಟೆಕಿಚ್ಚು ಅನ್ನುತ್ತಾರೆ ನೆಂಟರು. ಅನ್ನಲಿ. ಕಿಚ್ಚು ಇರುವುದು ನಿಜ, ಅದು ಯಾಕೆ ಅಂತ ಮಾತ್ರ ಒಬ್ಬರೂ ಕೇಳಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಯಾರು ಹೊಸ ಸ್ಕೂಟರ್ ತಂದರೂ ಮೊದಲ ಆರತಿ ನಮ್ಮಮ್ಮನದು. "ನಿಮ್ ಕೈಗುಣ ಚೆನ್ನಾಗಿದೆ ಕಣ್ರೀ, ನೀವೇ ಬಂದು ಕುಂಕುಮ ಇಡ್ಬೇಕು" ಎಂದು ಬಾಗಿಲಿಗೆ ಬಂದು ಕರೆಯುತ್ತಿದ್ದರು. ಅಮ್ಮ ಉಟ್ಟ ಸೀರೆ ಬಿಚ್ಚಿಟ್ಟು ಪೆಟ್ಟಿಗೆಯ ಸೀರೆ ಉಟ್ಟು ಹೊರಡುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಡುಗೆಮನೆಯಿಂದ ಆಚೆಗೆ ಅವಳಿಗೆ ಇದ್ದ ಹೆಸರು ಅದೊಂದೇ.

ಅಣ್ಣ ಡಿಪ್ಲೊಮಾ ಓದಿ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸ್ವಂತ ಗ್ಯಾರೇಜು ಹಾಕಬೇಕೆಂಬ ಹುಚ್ಚು. ಹೆಬ್ಬಾಳದಲ್ಲಿ ಒಬ್ಬ ನಿವೃತ್ತ ಮಿಲಿಟರಿ ಅಧಿಕಾರಿಯ ಬಂಗಲೆಯ ಹಿಂದೆ ಕೊಳೆಯುತ್ತಿದ್ದ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ಹೇಗೋ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ. ಎರಡೇ ಸೀಟು, ಮೇಲೆ ಮುಚ್ಚಿಗೆಯೂ ಇಲ್ಲ. ಅದನ್ನು ಒಂದು ರೇಸಿನಲ್ಲಿ ಓಡಿಸಿಬಿಟ್ಟರೆ ಗಿರಾಕಿಗಳು ತಾವಾಗಿ ಹುಡುಕಿಕೊಂಡು ಬರುತ್ತಾರೆ ಎಂಬುದು ಅವನ ಲೆಕ್ಕ.

ಆದರೆ ಕಾರು ತಿರುವಿನಲ್ಲಿ ಮೈ ತಿರುಚುತ್ತಿತ್ತು, ಬ್ರೇಕ್ ಒತ್ತಿದರೆ ಮುಂದಿನ ಚಕ್ರಗಳು ನಡುಗುತ್ತಿದ್ದವು. ಫುಟ್‌ಪಾತಿನಲ್ಲಿ ಸಿಕ್ಕ ವಿದೇಶಿ ಪತ್ರಿಕೆಯಲ್ಲಿ ಅದಕ್ಕೆ ಮದ್ದಿತ್ತು: ಬಾನೆಟ್ಟಿನ ಕೆಳಗೆ ಎಡಬಲ ಸಸ್ಪೆನ್ಷನ್ನನ್ನು ಬಿಗಿದು ಹಿಡಿಯುವ ಒಂದು ಅಡ್ಡಪಟ್ಟಿ, ಅಂದರೆ ಬ್ರೇಸು, ಚಕ್ರ ಹಿಂದೆ ಮುಂದೆ ಜಗ್ಗದಂತೆ ತಡೆಯುವ ಎರಡು ಟೆನ್ಷನ್ ರಾಡು. ನಮ್ಮೂರಿನಲ್ಲಿ ಅವೆಲ್ಲಿ ಸಿಗಬೇಕು? ಅಣ್ಣ ಯಶವಂತಪುರದ ಲೇತ್ ಅಂಗಡಿಯಲ್ಲಿ ಗಟ್ಟಿ ಸ್ಟೀಲು ಕೊಟ್ಟು ಮಾಡಿಸಿಕೊಂಡು ಬಂದ.

ಅವನ ಕೈಯಾಳು ನಾನು. ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ನನಗೆ ಸೂಜಿಗಿಂತ ಸ್ಪ್ಯಾನರೇ ಪ್ರೀತಿ. ಅವನೇ ಕಲಿಸಿದ್ದ, ಬಿಗಿದು ಮುಗಿಸಿದ ನಟ್ಟಿನ ಮೇಲೆ ಕೆಂಪು ಪೇಂಟಿನ ಬೊಟ್ಟು ಇಡಬೇಕು, ಇಲ್ಲದಿದ್ದರೆ ಯಾವುದು ಆಯಿತು ಯಾವುದು ಬಿಟ್ಟುಹೋಯಿತು ತಿಳಿಯುವುದಿಲ್ಲ ಎಂದು. ಇನ್ನೊಂದನ್ನೂ ಅವನೇ ಕಲಿಸಿದ್ದ: "ಕೆಂಪಗೆ ಕಾಯ್ಸಿದ ಗಟ್ಟಿ ಸ್ಟೀಲನ್ನ ನೀರಿಗೆ ಅದ್ದಿದ್ರೆ ಗಾಜು ಆಗ್ಬಿಡುತ್ತೆ ಕಣೇ. ಬೂದೀಲಿ ಹೂತು ಬಿಡ್ಬೇಕು, ತಾನಾಗೇ ತಣಿಯೋವರೆಗೆ."

ಜೋಡಿಸುವುದಕ್ಕೆ ಶುಕ್ರವಾರ ರಜೆ ಹಾಕಿದ. ಬ್ರೇಸು ಸಲೀಸಾಗಿ ಕೂತಿತು. ಬಲಗಡೆಯ ರಾಡೂ ಕೂತಿತು. ಎಡಗಡೆಯದು ತೂತಿಗೆ ಒಂದು ಬೆರಳಿನಷ್ಟು ಓರೆ. ಅಷ್ಟರಲ್ಲಿ ಅಮ್ಮ ಆರತಿ ತಟ್ಟೆ ಹಿಡಿದು ಬಂದು ನಿಂತಳು. "ಹತ್ತೂವರೆಗೆ ರಾಹುಕಾಲ ಬರುತ್ತೆ ಕಣೋ, ಬೇಗ ಮುಗ್ಸು."

ಅಣ್ಣ ರಾಡು ತೆಗೆದುಕೊಂಡು ಬಚ್ಚಲಿಗೆ ನುಗ್ಗಿ, ಹಂಡೆ ಒಲೆಯ ಕೆಂಡಕ್ಕೆ ಅದರ ತುದಿ ತುರುಕಿದ. ನಾನು ಕಣ್ಣಲ್ಲಿ ನೀರು ಸುರಿಯುವವರೆಗೆ ಊದುಗೊಳವೆ ಊದಿದೆ. "ಬಚ್ಚಲ ಒಲೇಲಿ ಕಾರು ಬೇಯಿಸ್ತಿದೀರೇನ್ರೋ!" ಎಂದು ಅಮ್ಮ ನಕ್ಕಳು. ರಾಡು ಕೆಂಪಗಾಯಿತು, ಕಲ್ಲಿನ ಮೇಲಿಟ್ಟು ಬಡಿದು ಬಗ್ಗಿಸಿದ. ಒಲೆಯ ಪಕ್ಕದಲ್ಲೇ ಬೂದಿಯ ಗುಡ್ಡೆ ಇತ್ತು. ನಾನು ಕೈ ತೋರಿಸಿದೆ ಕೂಡ. "ಅದು ತಣ್ಣಗಾಗೋಕೆ ಸಂಜೆ ಆಗುತ್ತೆ, ಸುಮ್ನಿರೇ" ಎಂದವನೇ ಬಕೆಟ್ಟಿಗೆ ಅದ್ದಿದ. ಚುಂಯ್ ಎಂದಿತು, ಅಷ್ಟೇ.

ಎಡಗಡೆಯ ರಾಡಿನ ನಟ್ಟನ್ನು ಬಿಗಿದವಳು ನಾನೇ. ಚಕ್ರಕ್ಕೆ ಕಾಲು ಒತ್ತಿ, ಎರಡೂ ಕೈಯಲ್ಲಿ ಸ್ಪ್ಯಾನರ್ ಹಿಡಿದು, ಅಂಗೈ ಚರ್ಮ ಕಿತ್ತು ಬರುವಷ್ಟು ಬಿಗಿದು ಕೆಂಪು ಬೊಟ್ಟು ಇಟ್ಟೆ. ಆಮೇಲೆ ಅಮ್ಮ ಸೀರೆ ಸೆರಗು ಸಿಕ್ಕಿಸಿ ಬಗ್ಗಿ, ಹೊಸದಾಗಿ ಹೊಳೆಯುವ ಎಲ್ಲದಕ್ಕೂ ಕುಂಕುಮ ಇಟ್ಟಳು. ಬ್ರೇಸಿಗೆ, ರಾಡಿಗೆ, ನನ್ನ ನಟ್ಟಿಗೂ. ಚಕ್ರದಡಿ ನಿಂಬೆಹಣ್ಣು ಒಡೆಯಿತು. ರಾಹುಕಾಲಕ್ಕೆ ಮೊದಲೇ ಮುಗಿಯಿತಲ್ಲ ಎಂದು ಎಲ್ಲರಿಗೂ ಖುಷಿ.

ಭಾನುವಾರ ಪರೀಕ್ಷೆಗೆಂದು ಅಣ್ಣ ಒಬ್ಬನೇ ಯಲಹಂಕದ ಕಡೆ ಹೊರಟ. ಹೆಬ್ಬಾಳ ಕೆರೆ ಏರಿಯ ತಿರುವಿನಲ್ಲಿ ಬ್ರೇಕ್ ಒತ್ತಿದ್ದೇ ತಡ, ಎಡಚಕ್ರ ಹಿಂದಕ್ಕೆ ಮಡಚಿಕೊಂಡು ಕಾರು ಹಳ್ಳಕ್ಕೆ ಇಳಿಯಿತು. ಅಣ್ಣನ ತೋಳು ಮುರಿಯಿತು. ದೇವರು ದೊಡ್ಡವನು, ಪ್ರಾಣ ಉಳಿಯಿತು.

ನೋಡಲು ಬಂದವರ ಮುಂದೆ, ತೋಳಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತು ಅವನು ಹೇಳಿದ ಕತೆ ಕೇಳಿ: "ಎಡಗಡೆ ನಟ್ಟು ಬಿಗಿದೇ ಇರ್ಲಿಲ್ಲ ಕಣ್ರೀ. ಬಿಗಿದಿದ್ಕೆ ನಾವು ಕೆಂಪು ಬೊಟ್ಟು ಇಡ್ತೀವಿ. ಅಮ್ಮ ಆ ಬಿಗಿಯದ ನಟ್ಟಿನ ಮೇಲೆ ಕುಂಕುಮ ಮೆತ್ತಿಬಿಟ್ಟಿದ್ರು. ನಾನು ನೋಡಿ, ಓ ಆಗಿದೆ, ಅಂದ್ಕೊಂಡೆ."

"ನಾನು ಬಿಗಿದಿದ್ದೆ!" ಎಂದೆ.

"ನಿನ್ ಕೈಲಿ ಎಷ್ಟಾಗುತ್ತೆ ಮಹಾ" ಎಂದ. ಬಂದವರು ನಕ್ಕರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಬೀದಿಯೋ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಬೀದಿ. ನಟ್ಟಿನ ಕತೆ ನಾಲ್ಕು ಮನೆ ದಾಟುವಷ್ಟರಲ್ಲಿ ನಟ್ಟು ಬಿದ್ದುಹೋಗಿ, ಆಯಮ್ಮನ ಕುಂಕುಮ ಮಾತ್ರ ಉಳಿಯಿತು. ಮುಂದಿನ ಸ್ಕೂಟರ್ ಎದುರುಮನೆಗೇ ಬಂತು. ಅಮ್ಮ ಪೆಟ್ಟಿಗೆಯ ಸೀರೆ ಉಟ್ಟು ಕಾದಳು. ಕರೆ ಬರಲಿಲ್ಲ. ಪಕ್ಕದ ಮನೆಯಾಕೆ ಹೋಗಿ ಆರತಿ ಎತ್ತಿದರು.

ಅವತ್ತೇ ನಾನು, ಹಳ್ಳದಿಂದ ಎಳೆದು ತಂದು ಅಂಗಳದಲ್ಲಿ ಹಾಕಿದ್ದ ಕಾರಿನಡಿ ತೂರಿದೆ. ನನ್ನ ನಟ್ಟು ಬಿಗಿಯಾಗಿ ಕೂತಿತ್ತು, ಸ್ಪ್ಯಾನರ್ ಹಾಕಿ ಜಗ್ಗಿದರೂ ಅಲ್ಲಾಡಲಿಲ್ಲ. ಮುರಿದಿದ್ದು ರಾಡು. ಸರಿಯಾಗಿ ಬಗ್ಗಿಸಿದ ಜಾಗದಲ್ಲೇ, ಬೆಲ್ಲದಚ್ಚು ಮುರಿದಂತೆ ಚಕ್ಕನೆ ಮುರಿದಿತ್ತು. ತುಂಡು ತಂದು ಅಣ್ಣನ ಮುಂದೆ ಹಿಡಿದೆ.

ಅವನು ತಿರುಗಿಸಿ ತಿರುಗಿಸಿ ನೋಡಿದ. ಬಾಗಿಲ ಕಡೆ ಒಮ್ಮೆ ನೋಡಿದ. "ನನ್ ಕೈ ತಪ್ಪು ಅಂತ ಗೊತ್ತಾದ್ರೆ ನಾಳೆ ನಂಗೆ ಯಾವನೇ ಗಾಡಿ ಕೊಡ್ತಾನೆ? ಅಮ್ಮಂಗೇನು, ಅವಳೇನು ಅಂಗಡಿ ಇಟ್ಟಿದಾಳಾ?"

ತೂ! ಮೈಯೆಲ್ಲ ಉರಿಯಿತು. ಸೀದಾ ಅಡುಗೆಮನೆಗೆ ಹೋಗಿ ಅಮ್ಮನ ಕೈಗೆ ತುಂಡು ಕೊಟ್ಟು ಎಲ್ಲ ಹೇಳಿದೆ. ಅವಳು ಅದನ್ನು ಸೆರಗಿನಲ್ಲಿ ಒರೆಸಿ ನನಗೇ ವಾಪಸ್ ಕೊಟ್ಟಳು. "ಕಬ್ಬಿಣದ ವಿಷ್ಯ ನಿಂಗೇನ್ ಗೊತ್ತೇ? ಅವನು ಓದಿದಾನೆ. ನಾನೇ ಸ್ವಲ್ಪ ಜಾಸ್ತಿ ಇಟ್ಬಿಟ್ಟೆ ಅನ್ಸುತ್ತೆ." ಹೆತ್ತವರಿಗೆ ಹೆಗ್ಗಣ ಮುದ್ದು.

ತೋಳು ಕೂಡಿಕೊಂಡ ಮೇಲೆ ಹೊಸ ರಾಡು ಬಂತು, ಕಾರು ಓಡಿತು, ಗೊರಗುಂಟೆಪಾಳ್ಯದಲ್ಲಿ ಗ್ಯಾರೇಜೂ ಆಯಿತು. ಪೂಜೆಯ ದಿನ ಬಾನೆಟ್ಟು ತೆರೆದು, ಮುಂಭಾಗವನ್ನು ಜಾಕಿಯ ಮೇಲೆ ಎತ್ತಿ ಕಾರನ್ನು ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದ್ದ. ಅಮ್ಮ ಮನೆಯಿಂದಲೇ ತಟ್ಟೆ ಸಿದ್ಧಮಾಡಿಕೊಂಡು ಬಂದಿದ್ದಳು. ಅಣ್ಣ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಪಕ್ಕದ ಮನೆಯಾಕೆಗೆ ಕೊಟ್ಟ. "ಗಿರಾಕಿಗಳು ಬಂದಿದಾರಮ್ಮ, ಏನಾದ್ರೂ ಅಂದ್ಕೋತಾರೆ."

ಅಮ್ಮ ಹಿಂದೆ ಸರಿದು ನನ್ನ ಪಕ್ಕ ಬಂದು ನಿಂತಳು. ಪಕ್ಕದ ಮನೆಯಾಕೆ ಬ್ರೇಸಿಗೆ, ರಾಡಿಗೆ, ಕೊನೆಗೆ ಎಡಗಡೆಯ ನಟ್ಟಿಗೆ ಕುಂಕುಮ ಇಟ್ಟರು. ನನ್ನಮ್ಮ ನನ್ನ ತೋಳು ಹಿಡಿದು, ಯಾರಿಗೂ ಕೇಳದ ಹಾಗೆ ಅಂದಳು: "ಕುಂಕುಮ ಜಾಸ್ತಿ ಆಯ್ತು ಕಣೇ. ನಟ್ಟು ಒರೆಸೋಕೆ ಅಣ್ಣಂಗೆ ಹೇಳೇ."