ಲೋಟದ ತಳದ ಮಾತ್ರೆ

ಕರ್ ಎಂದು ಒಂದು ಸದ್ದು, ಆಮೇಲೆ ಹಿತ್ತಾಳೆ ಲೋಟದ ತಳ ಕಡಪಾ ಕಲ್ಲಿನ ಮೇಲೆ ತಿರುಗುವ ಸದ್ದು. ಹೆತ್ತೂರಿನ ಅಕ್ಕನ ಮನೆಗೆ ರಜೆಗೆ ಹೋದಾಗಲೆಲ್ಲ ಬೆಳಗ್ಗೆ ನನಗೆ ಎಚ್ಚರವಾಗುತ್ತಿದ್ದುದು ಅದಕ್ಕೆ. ಅಕ್ಕ ತನ್ನ ಮೈದುನನ ಮಾತ್ರೆ ಪುಡಿಮಾಡಿ, ಅವನಿಗೆ ತಿಳಿಯದಂತೆ ಅವನ ಬೆಲ್ಲದ ಕಾಫಿಗೆ ಬೆರೆಸುತ್ತಿದ್ದಳು. ಅವನಿಗೆ ಮನಸ್ಸಿನ ಕಾಯಿಲೆ. ಮೊದಮೊದಲು ಕೈಗೇ ಕೊಟ್ಟು, ನಾಲಿಗೆ ಎತ್ತಿಸಿ ನೋಡುತ್ತಿದ್ದಳು. ಹಾಗಿದ್ದೂ ಅವನು ಹೇಗೋ ತೋಟಕ್ಕೆ ಉಗಿದುಬಿಡುತ್ತಿದ್ದ. ನೆಂಟರು ಕೇಳಿದರೆ ಗ್ಯಾಸ್ಟ್ರಿಕ್ ಮಾತ್ರೆ ಎನ್ನುವುದು.

ಅವನು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್ ಬಂತು. ಮೊದಲು ಗಡ್ಡೆ ಕೀಮೋಗೆ ಬಗ್ಗಿತು, ಆಮೇಲೆ ಜಗ್ಗಲಿಲ್ಲ. ಮಂಗಳೂರಿನ ಡಾಕ್ಟರ್, ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಒಂದು ಟ್ರಯಲ್ ಇದೆ ಎಂದರು. ಮಾನಸಿಕ ಕಾಯಿಲೆಗೆ ಕೊಡುವ ಹಳೆಯ ಮಾತ್ರೆಯೊಂದನ್ನು ಕೀಮೋ ಜೊತೆ ಕೊಡುವುದು. ಕೀಮೋಗೆ ಪಳಗಿದ ಕ್ಯಾನ್ಸರ್ ಕೋಶ ಒಳಗೆ ಬಂದ ಔಷಧಿಯನ್ನು ಹೊರಗೆ ದಬ್ಬುತ್ತದಂತೆ. ಲ್ಯಾಬಿನಲ್ಲಿ ಈ ಮಾತ್ರೆ ಅದನ್ನು ತಡೆದಿದೆಯಂತೆ. ಮನುಷ್ಯರಲ್ಲಿ ಏನಾಗುತ್ತದೋ ಇನ್ನೂ ಗೊತ್ತಿಲ್ಲ. ಒಪ್ಪಿದರೆ ಮುಂದಿನ ಸಲ ಸಹಿ ಹಾಕಿ, ಬೇಡವೆಂದರೆ ಬೇಡ ಎಂದರು. ಮಾತ್ರೆಯ ಹೆಸರು ಕೇಳಿ ಅಕ್ಕ ನನ್ನ ಮುಖ ನೋಡಿದಳು. ಮೈದುನನದೇ ಮಾತ್ರೆ.

ಹೆತ್ತೂರಿಗೆ ವಾಪಸ್ ಘಾಟಿ ಹತ್ತಿದೆವು. ಮಾರನಹಳ್ಳಿಯಲ್ಲಿ ಟೀಗೆ ಕಾರು ನಿಂತಾಗ ಅಕ್ಕ ಕೇಳಿದಳು.

"ಡಾಕ್ಟ್ರಮ್ಮನ ಹತ್ರ ಇಂಗ್ಲಿಷಲ್ಲಿ ಏನು ಹೇಳ್ದೆ ಕಣೆ? ನಂಗೆ ತಲೆ ಕೆಟ್ಟೈತೆ ಅಂತನಾ?"

"ಸೈಡ್ ಎಫೆಕ್ಟ್ ಏನು ಅಂತ ಕೇಳ್ದೆ ಅಕ್ಕ."

"ನಿನ್ನ ಕಾನ್ವೆಂಟ್ ಇಂಗ್ಲಿಷು. ಬೈದ್ರೂ ಹೊಗಳ್ದಂಗೆ ಕೇಳ್ತದೆ."

ಟು ಬಿ ಫ್ರಾಂಕ್, ಅನುಮಾನ ನನಗೂ ಇತ್ತು, ಡಾಕ್ಟರ ಮೇಲೆ. ಬೇರೆ ದಾರಿಯಿಲ್ಲದ ಮುದುಕಿಯ ಮೇಲೆ ಎಕ್ಸ್‌ಪೆರಿಮೆಂಟ್ ಮಾಡುತ್ತಿದ್ದಾರೆಯೇ? ಫೋನ್ ಮಾಡಿ, ಇದರಿಂದ ನಿಮಗೇನು ಲಾಭ ಎಂದೇ ಕೇಳಿದೆ. ಆಕೆ ಸಿಟ್ಟಾಗಲಿಲ್ಲ. ಉಪಯೋಗವಿದೆಯೋ ಇಲ್ಲವೋ ತಿಳಿಯುವುದೇ ಲಾಭ ಆಂಟಿ, ನಿಮ್ಮ ಅಕ್ಕನಿಗೇ ಉಪಯೋಗವಾದೀತು ಎಂದು ಮಾತು ಕೊಡಲಾರೆ ಎಂದರು. ಇಷ್ಟು ನೇರ ಮಾತಾಡುವವರನ್ನು ನಂಬುವುದು ಇನ್ನೂ ಕಷ್ಟ.

ಆ ವಾರ ಹೆತ್ತೂರಿನಲ್ಲೇ ಉಳಿದೆ. ಒಂದು ಬೆಳಗ್ಗೆ ಅಕ್ಕನ ಮುಂದೆ ಕಡುಬಿನ ತಟ್ಟೆಯಿತ್ತು. ಅಡುಗೆಮನೆಯಲ್ಲಿ ಕರ್ ಎಂದಿತು. ಅಕ್ಕನ ಕೈ ನಿಂತಿತು. ತಟ್ಟೆಯನ್ನು ನನ್ನ ಕಡೆ ತಳ್ಳಿ, ನೀನು ಮೊದಲು ತಿನ್ನು ಎಂದಳು. ತಿಂದೆ, ಆದರೆ ನನ್ನ ಕಣ್ಣೂ ಬಾಗಿಲ ಕಡೆಗೇ. ಹಿಂದಿನ ದಿನವಷ್ಟೇ ಅಕ್ಕನ ಸೊಸೆ ನನ್ನನ್ನು ಮೂಲೆಗೆ ಕರೆದು, ಅತ್ತೆ ಒಪ್ಪದಿದ್ದರೆ ಸಕಲೇಶಪುರದಿಂದ ಆ ಮಾತ್ರೆ ತರಿಸಿ ಕಾಫಿಗೆ ಹಾಕೋಣವೇ ಎಂದು ಪಿಸುಗುಟ್ಟಿದ್ದಳು. ಹಾಗೆಲ್ಲ ಕದ್ದು ಕೊಡುವಂತಿಲ್ಲ ಎಂದು ಗದರಿದ್ದೆ. ಕೇಳಿದಳೋ ಇಲ್ಲವೋ? ಎದ್ದು ಹೋಗಿ ನೋಡಿದೆ. ಟೀಗೆ ಏಲಕ್ಕಿ ಜಜ್ಜುತ್ತಿದ್ದಳು. ಲೋಟ ಮಾತ್ರ ಅದೇ ಹಿತ್ತಾಳೆಯದು.

ಅತ್ತೆಯ ಅನುಮಾನ ತಿಳಿದು ಸೊಸೆಗೆ ಕಣ್ಣು ತುಂಬಿತು. ಜಜ್ಜಿದ್ದನ್ನು ಸಿಪ್ಪೆಸಮೇತ ಅಂಗೈಯಲ್ಲಿ ತಂದು, ಮೂಸಿ ನೋಡಿ ಅತ್ತೆ ಎಂದಳು. ಅಕ್ಕ ಮೂಸಿದಳು.

"ಅವನೂ ಒಂದಿನ ಹಿಂಗೇ ಲೋಟ ಮೂಸಿದ್ದ ಕಣೆ," ಎಂದಳು, ನನಗೆ. "ಆಮೇಲೆ ನನ್ನ ಮುಖ ನೋಡ್ಕಂಡೇ ಕುಡ್ದ."

ಆ ದಿನ ಅವಳು ಟೀ ಮುಟ್ಟಲಿಲ್ಲ. ಮುಂದಿನ ಸಲ ಮಂಗಳೂರಿನಲ್ಲಿ ನನಗೆ ಬಾಯಿ ಹಾಕಬೇಡ ಎಂದು ಹೇಳಿ, ಎಲ್ಲವನ್ನೂ ತಾನೇ ಕೇಳಿದಳು. ಕೈ ನಡುಗುತ್ತದೆಯೇ, ಹಗಲೆಲ್ಲ ನಿದ್ದೆ ಬರುತ್ತದೆಯೇ, ಬೇಡವೆನಿಸಿದ ದಿನ ಬಿಡಬಹುದೇ. ಬಿಡಬಹುದು ಎಂದರು ಡಾಕ್ಟರ್. ಅದನ್ನೇ ಇನ್ನೊಂದು ಸಲ ಹೇಳಿಸಿ, ಸಹಿ ಹಾಕಿದಳು.

ಅಕ್ಕನನ್ನು ನಾನು ಕೊನೆಯ ಸಲ ನೋಡಿದ್ದು ಆಮೇಲೆ, ವಾರ್ಡಿನಲ್ಲಿ. ನನ್ನೂರಿನ ರೈಲಿಗೆ ಹೊರಟು ನಿಂತಿದ್ದೆ. ನರ್ಸ್ ಕೊಟ್ಟ ಮಾತ್ರೆಯನ್ನು ಅಕ್ಕ ಅಂಗೈಯಲ್ಲಿ ಹೊರಳಿಸಿ ನೋಡಿದಳು. ನುಂಗುತ್ತಾಳೋ, ದಿಂಬಿನಡಿ ಸೇರಿಸುತ್ತಾಳೋ ಎಂದು ನಾನು ಕಣ್ಣು ಕೀಳಲಿಲ್ಲ. ಅವಳಿಗೆ ಅದು ಗೊತ್ತಾಯಿತು. ನೀರು ಕುಡಿದು, ನನ್ನ ಕಡೆ ತಿರುಗಿ, ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿದಳು.

"ನೋಡ್ಕಂಡ್ಯಾ? ಹೋಗೀಗ, ರೈಲು ತಪ್ಪೋಯ್ತದೆ."